ಕಮಾನಿನ ಮೇಲಿನ ಭತ್ತ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಫೀಸಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಬೇಸಿಗೆ, ಗಂಗಾವತಿ ಬಳಿಯ ಮರಳಿಯಿಂದಾಚೆಯ ಹಳ್ಳದ ಕಲ್ಲುಸೇತುವೆಯ ರಿಪೇರಿ ಎಂಜಿನಿಯರಳಾದ ನನ್ನ ಪಾಲಿಗೆ ಬಂದಾಗಿನಿಂದ ಅದು ಮೂಗು ಬಿಟ್ಟು ಕೆಳಗೆ ಇಳಿಯಲೇ ಇಲ್ಲ.

ಸೇತುವೆ ನಿಜಾಮರ ಕಾಲದ್ದು ಎನ್ನುತ್ತಾರೆ. ಒಂದೇ ಕಮಾನು. ಅಲ್ಲಿಯದೇ ಗುಡ್ಡದ ಕಲ್ಲನ್ನು ಬೆಣೆಯಾಕಾರಕ್ಕೆ ಕಡಿದು, ಗಚ್ಚಿನಲ್ಲಿ ಒಂದಕ್ಕೊಂದು ಆನಿಸಿ ಕೂರಿಸಿದ್ದು. ಒಳಗೆ ಕಬ್ಬಿಣದ ಒಂದು ಸರಳೂ ಇಲ್ಲ. ಕಮಾನಿನ ಮೇಲೆ ಎರಡೂ ಅಂಚಿಗೆ ಗೋಡೆ ಎಬ್ಬಿಸಿ, ನಡುವೆ ಮಣ್ಣು ತುಂಬಿ, ಅದರ ಮೇಲೆ ರಸ್ತೆ ಮಾಡಿದ್ದರು. ಮಣ್ಣಿಗೆ ಇಳಿದ ನೀರು ಹೊರಗೆ ಹೋಗಲೆಂದು ಗೋಡೆಗಳಲ್ಲಿ ತೂತುಗಳನ್ನೂ ಬಿಟ್ಟಿದ್ದರು. ಯಾವ ಕಾಲದಲ್ಲೋ ಯಾರೋ ಪುಣ್ಯಾತ್ಮರು ಸೇತುವೆ ಸೋರುತ್ತಿದೆ ಎಂದು ಹೆದರಿ ಆ ತೂತುಗಳಿಗೆಲ್ಲ ಸಿಮೆಂಟ್ ಮೆತ್ತಿಬಿಟ್ಟರು. ಹೊರದಾರಿ ಸಿಗದ ನೀರು ಮಣ್ಣಿನಲ್ಲೇ ನಿಂತು, ಮಣ್ಣು ಉಬ್ಬಿ, ಅಂಚಿನ ಗೋಡೆಗೆ ಬಸುರಿಯ ಹಾಗೆ ಹೊಟ್ಟೆ ಬಂದಿತ್ತು.

ನಮ್ಮ ಸಾಹೇಬರಿಗೆ ಅದನ್ನು ಕೆಡವುವ ಆಸೆ. "ಹಳೇ ಡಬ್ಬಾ ಅದು. ಒಡದು ಸಿಮೆಂಟಿಂದು ಬಾಕ್ಸ್ ಕಲ್ವರ್ಟ್ ಹಾಕಿದ್ರ ಆತು, ಯಾಕ ತಲಿ ಕೆಡಿಸ್ಕೋತೀರಿ?" ಎಂದರು. ನಾನು ಒಪ್ಪಲಿಲ್ಲ. ಕಮಾನಿನ ಒಂದು ಕಲ್ಲೂ ಕದಲಿರಲಿಲ್ಲ, ರೋಗವಿದ್ದದ್ದು ಮಣ್ಣಿಗೆ. ಅದಲ್ಲದೆ ಆ ಊರಿನ ಹೊಲಗಳೆಲ್ಲ ಹಳ್ಳದಾಚೆ ಇದ್ದವು. ಬೇಸಿಗೆಯಲ್ಲಾದರೆ ಒಂದು ಮೈಲಿ ಮೇಲಕ್ಕೆ ಹೋಗಿ ಹಳ್ಳಕ್ಕೇ ಟ್ರ್ಯಾಕ್ಟರ್ ಇಳಿಸಿ ದಾಟುತ್ತಾರೆ. ಮಳೆಗಾಲದಲ್ಲಿ ಅದು ಆಗದ ಮಾತು. ಈಗ ಕೆಡವಿದರೆ ಹೊಸದು ಮಳೆಯೊಳಗೆ ಏಳುವುದಿಲ್ಲ, ಊರು ಇತ್ತ, ನಾಟಿ ಅತ್ತ. ಇಷ್ಟನ್ನೂ ಜಗಳಾಡುತ್ತಲೇ ಹೇಳಿದೆ. "ಆತು, ನಿಮ್ಮ ಜವಾಬ್ದಾರಿ ಮ್ಯಾಲ ಮಾಡ್ರಿ. ಬಿದ್ರ ಮಾತ್ರ ನನ್ನ ಕಡೆ ಬರಬ್ಯಾಡ್ರಿ" ಎಂದು ಅವರು ಕೈ ತೊಳೆದುಕೊಂಡರು.

ಕೆಲಸದ ಕ್ರಮ ಸರಳ. ರಸ್ತೆ ಬಂದ್ ಮಾಡುವುದು, ಹಳೆಯ ಮಣ್ಣು ತೆಗೆಯುವುದು, ಹೊಟ್ಟೆ ಬಂದ ಗೋಡೆ ಬಿಚ್ಚಿ ಮತ್ತೆ ಗಾರೆಯಲ್ಲಿ ಕಟ್ಟುವುದು, ತೂತು ತೆರೆಯುವುದು, ನೀರು ನಿಲ್ಲದ ಗರಸು ತುಂಬುವುದು. ಒಂದೇ ಒಂದು ಕಟ್ಟುನಿಟ್ಟು: ಮಣ್ಣನ್ನು ಎರಡೂ ಕಡೆಯಿಂದ ಸಮನಾಗಿ, ಪದರ ಪದರವಾಗಿ ತೆಗೆಯಬೇಕು. ಕಮಾನು ಎಂದರೆ ತಕ್ಕಡಿ ಇದ್ದಂತೆ. ಒಂದು ಹೆಗಲ ಮೇಲಿನ ಭಾರ ತೆಗೆದು ಇನ್ನೊಂದರ ಮೇಲೆ ಹಾಗೇ ಬಿಟ್ಟರೆ, ಭಾರವಿದ್ದ ಹೆಗಲು ಕುಸಿಯುತ್ತದೆ, ಬರಿದಾದ ಹೆಗಲು ಮೇಲೇಳುತ್ತದೆ, ಕಲ್ಲುಗಳ ಸಂದು ಬಾಯಿ ಬಿಡುತ್ತದೆ. ಇದನ್ನು ಗುತ್ತಿಗೆದಾರನಿಗೆ ಚಿತ್ರ ಬರೆದು ತೋರಿಸಿದ್ದೆ, ಬಾಯಲ್ಲಿ ಹೇಳಿದ್ದೆ, ಹೋಗುವಾಗ ಮತ್ತೆ ಕೂಗಿ ಹೇಳಿದ್ದೆ. ಕಮಾನಿನ ಕೆಳಗೆ ಆಸರೆಗೆ ನಿಲ್ಲಿಸುವ ಸೆಂಟ್ರಿಂಗ್ ಸಾಮಾನು ಯಲಬುರ್ಗಾ ಕಡೆಯ ಅವನ ಇನ್ನೊಂದು ಕೆಲಸದಲ್ಲಿತ್ತು. ಮೇಲಿನ ಒಂದೆರಡು ಪದರ ಎರಡೂ ಕಡೆ ಸಮ ತೆಗೆಯುವುದಕ್ಕೆ ಅದು ಬೇಕಿರಲಿಲ್ಲ, ಅಷ್ಟರಲ್ಲಿ ತರಿಸುತ್ತೇನೆ ಎಂದಿದ್ದ.

ಹಳ್ಳದ ದಂಡೆಯ ಬಂಡೆಯ ಮೇಲೆ ಲೆವೆಲ್ ಯಂತ್ರ ಇಟ್ಟೆವು. ಕಮಾನಿನ ಮುಖಕ್ಕೆ ಮೂರು ಅಳತೆಪಟ್ಟಿ ಅಂಟಿಸಿದೆವು: ನೆತ್ತಿಗೊಂದು, ಊರ ಕಡೆಯ ಹೆಗಲಿಗೊಂದು, ಹೊಲದ ಕಡೆಯ ಹೆಗಲಿಗೊಂದು. ಯಂತ್ರದ ದುರ್ಬೀನಿನಲ್ಲಿ ನೋಡಿದರೆ ಕೂದಲೆಳೆಯಷ್ಟು ಕದಲಿದರೂ ತಿಳಿಯುತ್ತದೆ. ಅದನ್ನು ಓದಲು ನಮ್ಮ ವರ್ಕ್ ಇನ್ಸ್‌ಪೆಕ್ಟರನಿಗೆ ಕಲಿಸಿದೆ. ರಸ್ತೆಗೆ ಅಡ್ಡಗಟ್ಟು ಹಾಕಿದ ಮೊದಲ ದಿನವೇ ಹನುಮನಹಳ್ಳಿ ಕಡೆ ಬೆಟ್ಟ ಹತ್ತಲು ಹೊರಟ ಯಾತ್ರಿಕರ ಟೆಂಪೋ ಒಂದು ಬಂದು, "ಎರಡ ನಿಮಿಷ ತಗೀರಿ ಅಕ್ಕಾರ, ದೇವ್ರ ಕೆಲಸ" ಎಂದು ಹಾರ್ನ್ ಹೊಡೆಯಿತು. ದೇವರಿಗೂ ಸುತ್ತು ಹಾಕಿಕೊಂಡೇ ಹೋಗಲು ಹೇಳಿ ಓಡಿಸಿದೆ.

ನಾನು ಕುಷ್ಟಗಿ ಕಡೆಯವಳು. ನಮ್ಮಲ್ಲಿ ಜೋಳ, ಸಜ್ಜೆ, ತೊಗರಿ. ಭತ್ತದ ಸುಗ್ಗಿ ಹೇಗೆ ಬರುತ್ತದೆ, ಬಂದಾಗ ಏನೇನು ಕೇಳುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಬೇಸಿಗೆ ಬೆಳೆಯ ಕೊಯ್ಲು ಶುರುವಾಗುವ ವಾರದಲ್ಲೇ ರಸ್ತೆ ಬಂದ್ ಮಾಡಿ, ಮೀಟಿಂಗ್ ಎಂದು ಕೊಪ್ಪಳಕ್ಕೆ ಹೋದೆ. ಮೀಟಿಂಗ್ ಮರುದಿನಕ್ಕೂ ಎಳೆಯಿತು.

ಹಿಂತಿರುಗಿದ್ದು ಮಧ್ಯಾಹ್ನ. ಬಿಸಿಲಿಗೆ ಟಾರು ಮೆತ್ತಗಾಗಿತ್ತು. ಆನೆಗೊಂದಿ ಗುಡ್ಡಗಳ ಮೇಲೆ ಆಗಲೇ ಕಪ್ಪು ಮೋಡ ಏರುತ್ತಿತ್ತು. ಜೀಪು ಇಳಿದು ನೋಡುತ್ತೇನೆ, ಸೇತುವೆಯ ಊರ ಕಡೆಯ ಅರ್ಧದ ಮೇಲೆ ಭತ್ತದ ಚೀಲಗಳ ಗೋಡೆ ಎದ್ದಿದೆ! ಹಮಾಲರು ಲಾರಿಗೆ ಕಾಯುತ್ತಾ ಅದರ ನೆರಳಿನಲ್ಲಿ ಬೀಡಿ ಸೇದುತ್ತಾ ಕೂತಿದ್ದಾರೆ. ಒಬ್ಬ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಳಿದ ಕಾಳನ್ನು ಕಸಬರಿಗೆಯಿಂದ ಗುಡಿಸುತ್ತಿದ್ದಾಳೆ.

"ಯಾರ್ರೀ ಇದನ್ನ ಇಲ್ಲಿ ಹಾಕಿದವ್ರು?" ಎಂದು ಕಿರುಚಿದೆ.

ಹೆಂಗಸು ತಲೆ ಎತ್ತಿದಳು. "ನಾನ ಹಾಕೀನ್ರಿ. ನಂದು ಮತ್ತ ನಮ್ಮ ಮೈದುನಂದು. ಯಾಕ್ರಿ?"

"ಇದು ಬ್ರಿಜ್ಜೋ, ನಿಮ್ಮ ಕಣಾನೋ?"

"ನೀವಽ ರಸ್ತಾ ಬಂದ್ ಮಾಡೀರಿ. ಗಾಡಿ ಇಲ್ಲ, ಧೂಳ ಇಲ್ಲ, ಟಾರ ಅಂತೂ ಹಂಚಿನಂಗ ಕಾದೈತಿ. ಇದರಕಿಂತ ಛಲೋ ಕಣ ಎಲ್ಲಿ ಸಿಗತೈತ್ರಿ ಮೇಡಂ? ಊರ ಮಂದೆಲ್ಲ ನಿಮಗ ಪುಣ್ಯಾ ಬರ್ಲಿ ಅನ್ನಾಕತ್ತಾರ" ಎಂದು ನಕ್ಕಳು.

ಆ ನಗೆಗೆ ಉತ್ತರ ಕೊಡುವ ಮೊದಲೇ ನನ್ನ ಕಣ್ಣು ಚೀಲಗಳಾಚೆ ಹೋಯಿತು. ಹೊಲದ ಕಡೆಯ ಅರ್ಧದಲ್ಲಿ ಮಣ್ಣೇ ಇಲ್ಲ. ಕಮಾನಿನ ಬೆನ್ನು ಕಾಣುವವರೆಗೂ ತೋಡಿ ಬರಿದು ಮಾಡಿದ್ದಾರೆ. ಊರ ಕಡೆ ಮಣ್ಣು ಇದ್ದದ್ದು ಇದ್ದಂತೇ, ಅದರ ಮೇಲೆ ಭತ್ತ ಬೇರೆ. ಗುಂಡಿಗೆ ಇಳಿದು ನೋಡಿದೆ. ಬರಿಯ ಕಲ್ಲುಗಳ ಒಂದು ಸಂದು ಕಿರುಬೆರಳು ಹೋಗುವಷ್ಟು ತೆರೆದಿತ್ತು. ಕೆಳಗೆ ಹಳ್ಳದಲ್ಲಿ ನಿಂತಿದ್ದ ನೀರಿಗೆ ಗಚ್ಚಿನ ಪುಡಿ ಸುರುಸುರು ಉದುರುವುದು ಕೇಳಿಸುತ್ತಿತ್ತು.

ಗುತ್ತಿಗೆದಾರ ಬೈಕಿನಲ್ಲಿ ಬಂದಿಳಿದ. ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು, ಪಾಪ, ನಿಜವಾಗಿಯೂ ನೊಂದ ಮುಖ ಮಾಡಿ ಹೇಳಿದ: "ಮೇಡಂ, ಆ ಕಡೆ ಭತ್ತ ಹರವಿದ್ರು. ಅನ್ನದ ಮ್ಯಾಲ ಜೆಸಿಬಿ ಹತ್ತಿಸ್ಲೇನ್ರಿ? ಕಾಲ ಸುದ್ದಾ ಇಡಂಗಿಲ್ಲ ನಾವು. ಅದಕ್ಕ ಅವ್ರು ಎತ್ತೋಮಟ ಈ ಕಡಿದು ತಗದುಬಿಡೂಣಂತ..."

"ತಗದ ಮಣ್ಣು ಎಲ್ಲೈತಿ? ವಾಪಸ್ ಹಾಕಸ್ರಿ!"

"ಮಣ್ಣು ಊರವ್ರು ಒಯ್ದ್ರು ರೀ. ಹೊಲದಾಗ ತಗ್ಗ ಮುಚ್ಚಾಕ."

ತಲೆ ಕೈಯಲ್ಲಿ ಹಿಡಿದುಕೊಂಡೆ. ಇವರ ಭಕ್ತಿಗೆ ಬೈಯಲೋ, ಕೈ ಮುಗಿಯಲೋ ತಿಳಿಯಲಿಲ್ಲ. ಬಂಡೆಯ ಹತ್ತಿರ ಓಡಿದೆ. ಇನ್ಸ್‌ಪೆಕ್ಟರ್ ದುರ್ಬೀನಿಗೆ ಕಣ್ಣಿಟ್ಟವನು ಎತ್ತಲೇ ಇಲ್ಲ. "ಊರ ಕಡಿ ಹೆಗಲ ಇಳದೈತ್ರಿ ಮೇಡಂ. ಹೊಲದ ಕಡಿದು ಎದ್ದೈತಿ. ನಾ ಈಗಷ್ಟ ಬಂದೀನ್ರಿ, ನೋಡಾಕತ್ತಾಗಿಂದ ಇನ್ನೂ ನಡದಽ ಐತಿ" ಎಂದ. ಅಂದರೆ ಕಮಾನು ನಿಂತಿರಲಿಲ್ಲ. ನಿಧಾನಕ್ಕೆ ಹೋಗುತ್ತಿತ್ತು.

ಸಾಹೇಬರಿಗೆ ಫೋನ್ ಮಾಡಿದೆ. "ಮಂದೀನ ದೂರ ಸರಸ್ರಿ, ಭತ್ತ ತಗಸ್ರಿ, ಕೈ ಬಿಡ್ರಿ. ಬಿದ್ರ ಬೀಳ್ಲಿ, ನಾ ಮೊದ್ಲಽ ಹೇಳಿದ್ದೆ" ಎಂದರು. ಕೊನೆಯ ಮಾತಿನಲ್ಲಿ ಒಂಚೂರು ಸಂತೋಷವೂ ಇತ್ತು ಎಂದು ನನಗೆ ಈಗಲೂ ಅನುಮಾನ. ಗುತ್ತಿಗೆದಾರ ಯಲಬುರ್ಗಾಕ್ಕೆ ಫೋನ್ ಹಚ್ಚಿ ಸೆಂಟ್ರಿಂಗ್ ಸಾಮಾನನ್ನು ಲಾರಿಗೆ ಹೇರಿಸಿದ. ಅದು ಬರಲು ಸಂಜೆಯಾಗುತ್ತಿತ್ತು. ಅಲ್ಲಿಯವರೆಗೆ ಕಮಾನು ಕಾಯಬೇಕಲ್ಲ.

ಬರಿ ಭತ್ತ ತೆಗೆದರೆ ಸಾಲದು. ಮಣ್ಣಿನ ಭಾರ ಒಂದೇ ಕಡೆ ಉಳಿದೇ ಉಳಿಯುತ್ತದೆ. ಬರಿದಾದ ಹೆಗಲಿನ ಮೇಲೆ ತಕ್ಷಣ ಭಾರ ಹೇರಬೇಕು. ಮಣ್ಣಿಲ್ಲ, ಉಸುಕಿಲ್ಲ, ಜೆಸಿಬಿ ಹತ್ತಿರ ತಂದರೆ ಅದರ ನಡುಕಕ್ಕೇ ಬೀಳಬಹುದು. ಅಲ್ಲಿ ಸುತ್ತಮುತ್ತ ಎತ್ತಿಡಲು ಬರುವಂಥ ಭಾರ ಎಂದರೆ ಒಂದೇ. ಒಂದೊಂದು ಚೀಲ ಇತ್ತಲಿಂದ ಅತ್ತ ಹೋದರೆ ಲಾಭ ಎರಡು ಪಟ್ಟು: ಕುಸಿಯುವ ಕಡೆ ಹಗುರ, ಏಳುವ ಕಡೆ ಭಾರ. ಲೆಕ್ಕವೇನೋ ತಲೆಯಲ್ಲಿ ಬಂತು, ಆದರೆ ಅದನ್ನು ಆ ಹೆಂಗಸಿಗೆ ಹೇಳಬೇಕಿತ್ತು.

ಹೇಳಿದೆ. ಅವಳು ಕಸಬರಿಗೆ ನೆಲಕ್ಕೆ ಒಗೆದಳು.

"ಬೀಳೂ ಬ್ರಿಜ್ಜಿನ ಮ್ಯಾಲ ನನ್ನ ಪೀಕು ಒಟ್ಟಬೇಕಾ? ನಿಮಗೇನ ತಲಿಗಿಲಿ ಐತೋ ಇಲ್ಲೋ? ಏ ಹಮಾಲಣ್ಣಾ, ಎಲ್ಲಾ ಎತ್ತಿ ಈ ಕಡೆ ದಂಡಿಗೆ ಒಗೀರೋ!"

"ಅಕ್ಕಾರ, ಕೇಳ್ರಿಲ್ಲಿ. ಭತ್ತ ದಂಡಿಗೆ ಒಯ್ದ್ರ ಭತ್ತ ಉಳೀತೈತಿ, ಬ್ರಿಜ್ ಉಳಿಯಂಗಿಲ್ಲ. ಮಳಿಗಾಲದಾಗ ನಾಟಿಗೆ ಹೆಂಗ ಹೋಗ್ತೀರಿ? ಟ್ರ್ಯಾಕ್ಟರ್ ಗಂಗಾವತಿ ಸುತ್ತಿ ಬರಬೇಕು. ಹೊಸಾ ಬ್ರಿಜ್ ಮುಂದಿನ ವರ್ಷಾನೂ ಆಗ್ತೈತೋ ಇಲ್ಲೋ."

ಅವಳು ಹಳ್ಳದಾಚೆಯ ತನ್ನ ಕೊಯ್ದ ಗದ್ದೆಯ ಕಡೆ ನೋಡಿದಳು. ಮೈದುನ ಅವಳ ಕಿವಿಯಲ್ಲಿ ಏನೋ ಅಂದ. ಅವಳು ಅವನನ್ನು ಕೈಯಿಂದ ದೂಡಿ ನನ್ನ ಕಡೆ ತಿರುಗಿದಳು. "ಉಳೀತೈತಿ ಅಂತ ಖಾತ್ರಿ ಐತೇನು?"

"ಖಾತ್ರಿ ಇಲ್ರಿ. ಇದೊಂದ ದಾರಿ ಅಂತ ಮಾತ್ರ ಗೊತ್ತು."

ಸುಳ್ಳು ಹೇಳಿದ್ದರೆ ಬೇಗ ಒಪ್ಪುತ್ತಿದ್ದಳೇನೋ. ನನ್ನನ್ನು ನುಂಗುವ ಹಾಗೆ ನೋಡಿ, "ಒಯ್ರಿ ಹಂಗಾರ" ಎಂದಳು.

ಈಗ ಹಮಾಲರ ಹಿರಿಯ ಎದ್ದು ನಿಂತ. ಬೀಡಿ ಆರಿಸಿ ಕಿವಿಯ ಮೇಲಿಟ್ಟುಕೊಂಡ. "ಮೇಡಂ, ನೀವು ಅಲ್ಲಿ ದೂರ ದುರ್ಬೀನ ಹಚ್ಕೊಂಡು ನಿಂದರ್ತೀರಿ. ನಾವು ಚೀಲ ಹೊತ್ತು ಇದರ ಮ್ಯಾಲ ಅಡ್ಡಾಡಬೇಕು. ಹಂಗ ಆಗಂಗಿಲ್ಲ. ನೀವು ಬಂದು ನಡಬರಕ ನಿಂದರ್ರಿ, ನಾವು ಹೊರತೀವಿ."

ನ್ಯಾಯದ ಮಾತು. ಹಳ್ಳದೊಳಗಿಂದ ಹೊರಿಸೋಣವೆಂದರೆ ದಂಡೆ ಕಡಿದಾಗಿತ್ತು, ಮೇಲಾಗಿ ಕಮಾನಿನ ಕೆಳಗೆ ಯಾರನ್ನೂ ಬಿಡುವ ಧೈರ್ಯ ನನಗಿರಲಿಲ್ಲ. ಅಂಕಿ ಕದಲಿದರೆ ಕೂಗು ಎಂದು ಇನ್ಸ್‌ಪೆಕ್ಟರನಿಗೆ ಹೇಳಿ, ಹೋಗಿ ಕಮಾನಿನ ನೆತ್ತಿಯ ಮೇಲೆ ನಿಂತೆ. ಹೆದರಿಕೆಯಾಗಿತ್ತು, ಮುಚ್ಚಿಡುವುದೇನಿದೆ? ಕಾಲ ಕೆಳಗಿನ ಕಲ್ಲು ಒಳಗೊಳಗೇ ಕಟಕ್ ಎಂದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಒಮ್ಮೆಗೆ ಒಬ್ಬನೇ, ಓಡಬಾರದು, ಚೀಲ ಎತ್ತಿ ಒಗೆಯಬಾರದು, ಇಳಿಸಿ ಇಡಬೇಕು ಎಂದು ಹೇಳಿದೆ. ಮೊದಲ ಚೀಲ ಹೊತ್ತವನು ಹಿರಿಯನೇ. ಗುಂಡಿಗೆ ಇಳಿಯಲು ಹಾಕಿದ ಹಲಗೆಯ ಮೇಲೆ ಬರಿಗಾಲಲ್ಲಿ ಮೆಲ್ಲಗೆ ಇಳಿದು, ಮಲಗಿದ ಕೂಸನ್ನು ಇಳಿಸುವ ಹಾಗೆ ಚೀಲವನ್ನು ಬರಿ ಕಲ್ಲಿನ ಮೇಲೆ ಇಳಿಸಿದ. ಆ ಹೆಂಗಸು ಗುಂಡಿಯೊಳಗೇ ನಿಂತು, ಯಾವ ಚೀಲ ಎಲ್ಲಿ ಎಂದು ನಾನು ತೋರಿಸಿದಲ್ಲಿ ಇಡಿಸಿದಳು. ಹೊರಗೆ ಬಾ ಎಂದರೆ ಬರಲಿಲ್ಲ. "ನನ್ನ ಭತ್ತ ಇರೂವಲ್ಲಿ ನಾ ಇರ್ತೀನಿ" ಎಂದಳು.

ಅರ್ಧಕ್ಕಿಂತ ಹೆಚ್ಚು ಚೀಲ ದಾಟಿದ ಮೇಲೆ ಇನ್ಸ್‌ಪೆಕ್ಟರ್ ಕೂಗಿದ: "ಮೇಡಂ! ನಿಂತೈತ್ರಿ! ಅಂಕಿ ಕದಲವಲ್ದು!"

ಹಮಾಲರು ಕೇಕೆ ಹಾಕಿದರು. ನಾನೂ ಹಾಕಿದೆ. ಉಳಿದ ಚೀಲಗಳು ದಾಟುವಷ್ಟರಲ್ಲಿ ಗಾಳಿ ಎದ್ದಿತು. ಮನೆಮನೆಯಿಂದ ತಾಡಪತ್ರಿ ತಂದು ಭತ್ತದ ಮೇಲೆ ಎಳೆದು, ಹಗ್ಗ ಬಿಗಿದು ಕಟ್ಟುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು. ಬೇಸಿಗೆಯ ಅಡ್ಡಮಳೆ, ಕೇಳಬೇಕೇ? ಆಚೆ ದಂಡೆಯೇ ಕಾಣದ ಹಾಗೆ ಹೊಡೆಯಿತು. ಹಮಾಲರನ್ನೆಲ್ಲ ಸೇತುವೆಯಿಂದ ಇಳಿಸಿದೆ. ಲಾರಿಯವನು ಫೋನ್ ಮಾಡಿ, ದಾರಿಗೆ ಗಿಡ ಬಿದ್ದಿದೆ, ಕಡಿಯುತ್ತಿದ್ದಾರೆ ಎಂದ.

ಕೊಡೆ ಹಿಡಿದು ದುರ್ಬೀನು ನೋಡುತ್ತಿದ್ದ ಇನ್ಸ್‌ಪೆಕ್ಟರನ ದನಿ ಮಳೆಯೊಳಗಿಂದ ಬಂತು. "ಮೇಡಂ, ಊರ ಕಡಿದು ಮತ್ತ ಇಳ್ಯಾಕತ್ತೈತಿ!"

ನನಗೆ ಕೂಡಲೇ ಹೊಳೆಯಿತು. ಊರ ಕಡೆಯ ಮಣ್ಣು ನೀರು ಕುಡಿಯುತ್ತಿತ್ತು. ಮೇಲೆ ಟಾರು ಇದ್ದರೇನು, ನಡುವೆ ಜೆಸಿಬಿ ಕಡಿದ ಮಗ್ಗುಲು ಬಟಾಬಯಲು. ತೂತುಗಳು ಸಿಮೆಂಟಿನಿಂದ ಬಂದ್. ಕುಡಿದ ನೀರೆಲ್ಲ ಒಳಗೇ. ಮಣ್ಣು ಗಳಿಗೆಗೊಂದಿಷ್ಟು ಭಾರವಾಗುತ್ತಿತ್ತು, ನಾವು ಇಷ್ಟು ಹೊತ್ತು ಹೊತ್ತು ಮಾಡಿದ ಸಮತೂಕ ಕಣ್ಣೆದುರೇ ಕೈ ಬಿಡುತ್ತಿತ್ತು. ಆ ಮಣ್ಣನ್ನು ಮುಚ್ಚಬೇಕು. ಮುಚ್ಚಲು ಊರಲ್ಲಿದ್ದ ತಾಡಪತ್ರಿಗಳೆಲ್ಲ ಭತ್ತದ ಮೇಲಿದ್ದವು.

ಆ ಹೆಂಗಸು ಖಾಲಿ ಚೀಲವನ್ನು ತಲೆಗೆ ಕೊಪ್ಪೆ ಹಾಕಿಕೊಂಡು ನನ್ನ ಹತ್ತಿರ ಬಂದಳು.

"ಏನಾತು? ಯಾಕ ಮಾರಿ ಹಂಗ ಮಾಡೀರಿ?"

"ಮಣ್ಣು ನೆನ್ಯಾಕತ್ತೈತ್ರಿ ಅಕ್ಕಾರ. ಭಾರ ಆಗಾಕತ್ತೈತಿ. ಮುಚ್ಚಬೇಕು."

"ಮುಚ್ಚಾಕ ಏನೈತಿ?"

ನಾನು ತಾಡಪತ್ರಿ ಕಡೆ ನೋಡಿದೆ. ಅವಳೂ ನೋಡಿದಳು. ಮಳೆ ಅದರ ಮೇಲೆ ಪಟಪಟ ಹೊಡೆಯುತ್ತಿತ್ತು.

"ಭತ್ತ ನೆನದ್ರ?"

"ನೆನದ್ರ ಭತ್ತಾನೂ ಭಾರ ಆಗ್ತೈತ್ರಿ." ಹೇಳಿ ಮುಗಿಸಲೇಬೇಕಿತ್ತು. "ಆ ಕಡೆ ಭಾರ ಆದಷ್ಟೂ ಕಮಾನಿಗೆ ಛಲೋ."

"ಕಮಾನಿಗೆ ಛಲೋ" ಎಂದು ಅವಳು ಮೆಲ್ಲಗೆ ಅಂದಳು. ಆ ಗಳಿಗೆಯಲ್ಲಿ ನನಗೆ ನನ್ನ ವಿದ್ಯೆಯ ಮೇಲೇ ಅಸಹ್ಯ ಬಂತು. ಲೆಕ್ಕ ಸರಿಯಾಗಿತ್ತು, ಅದೇ ದೊಡ್ಡ ಸಂಕಟ. ಬೇಡ ಎಂದು ಅವಳು ಅಂದಿದ್ದರೆ ನಾನು ಎರಡನೇ ಸಲ ಕೇಳುತ್ತಿರಲಿಲ್ಲ.

ಅವಳು ಅನ್ನಲಿಲ್ಲ. "ಹಾಳಾಗಿ ಹೋಗ್ಲಿ!" ಎಂದು ಯಾರಿಗೋ ಬೈದು, ಗುಂಡಿಯ ಅಂಚಿಗೆ ಕೂತು, ನೆನೆದು ಬಿಗಿದುಕೊಂಡಿದ್ದ ಹಗ್ಗದ ಗಂಟನ್ನು ಹಲ್ಲಿನಿಂದ ಬಿಚ್ಚತೊಡಗಿದಳು. ಮೈದುನ "ವೈನೀ, ಬ್ಯಾಡ" ಎಂದು ಓಡಿ ಬಂದ. "ಸುಮ್ನ ಆ ತುದಿ ಹಿಡಿ. ಮಣ್ಣಿಗೆ ಹಾಕಬೇಕಂತ" ಎಂದಳು.

ಮಣ್ಣಿನ ಮೇಲೆ, ಕಡಿದ ಮಗ್ಗುಲಿನ ಮೇಲೆ ತಾಡಪತ್ರಿ ಹೊದಿಸಿ ಕಲ್ಲು ಹೇರಿದೆವು. ಬಯಲಾದ ಭತ್ತದ ಮೇಲೆ ಮಳೆ ಸುರಿಯಿತು. ಚೀಲಗಳ ಬಣ್ಣ ನೋಡನೋಡುತ್ತ ಕಪ್ಪಾಯಿತು. ಅಂಕಿ ನಿಂತಿತು, ಮತ್ತೆ ಸ್ವಲ್ಪ ಹಿಂದಕ್ಕೂ ಬಂತು. ಈ ಸಲ ಇನ್ಸ್‌ಪೆಕ್ಟರ್ ಕೂಗಲಿಲ್ಲ, ನನ್ನ ಕಡೆ ನೋಡಿ ಬರಿ ತಲೆ ಆಡಿಸಿದ. ಹೊತ್ತು ಮುಳುಗುವ ಮೊದಲು ಲಾರಿ ಬಂತು. ಕಮಾನಿನ ಕೆಳಗೆ ಆಸರೆ ನಿಲ್ಲಿಸಿ, ಮರದ ಬೆಣೆಗಳನ್ನು ಒಂದೊಂದೇ ಬಡಿದು ಬಿಗಿ ಮಾಡಿದೆವು.

ಅಷ್ಟಾದರೂ ಭತ್ತ ತೆಗೆಯಲು ಬರುವಂತಿರಲಿಲ್ಲ. ಊರ ಕಡೆಯ ಮಣ್ಣನ್ನು ಸಲಿಕೆಯಿಂದ ಅಷ್ಟಷ್ಟೇ ತೋಡಿ, ಅದಕ್ಕೆ ಸರಿಯಾಗಿ ಇತ್ತಲಿನ ಚೀಲ ಅಷ್ಟಷ್ಟೇ ಇಳಿಸಬೇಕಿತ್ತು. ದಿನಗಳು ಹಿಡಿದವು. ಅವಳು ದಿನಾ ಬಂದು ದಂಡೆಯ ಮೇಲೆ ಕೂರುತ್ತಿದ್ದಳು. ನಾನು ಪರಿಹಾರಕ್ಕೆ ಬರೆಯುತ್ತೇನೆ ಎಂದೆ. ಬರೆದೆ ಕೂಡ. ಅದಕ್ಕೆ ಇವತ್ತಿನವರೆಗೂ ಉತ್ತರವಿಲ್ಲ. ಸಾಹೇಬರು ಬಂದು ಕಮಾನಿನ ಕೆಳಗೆ ನಿಂತು ಫೋಟೊ ತೆಗೆಸಿಕೊಂಡರು, ನನ್ನ ಬೆನ್ನು ತಟ್ಟಿದರು.

ಕಡೆಯ ಚೀಲಗಳು ಹೊರಬರುವ ದಿನ ನಾನು ಗುಂಡಿಗೆ ಇಳಿದಿದ್ದೆ. ಅವಳೂ ಇಳಿದು ಬಂದಳು. ತಳದ ಚೀಲಗಳ ನೇಯ್ಗೆಯ ಸಂದಿನಿಂದ ಹಸಿರು ಮೊಳಕೆ ಹೊರಗೆ ಬಂದಿತ್ತು, ಒಂದೆರಡಲ್ಲ, ಚೀಲದ ಮೈ ತುಂಬ. ಹುಳಿ ವಾಸನೆ ಮೂಗಿಗೆ ಹೊಡೆಯಿತು. ಅವಳು ಅಂಗೈಯಿಂದ ಆ ಹಸಿರನ್ನು ಸವರಿದಳು, ಸಸಿಮಡಿ ಸವರುವ ಹಾಗೆ.

"ನೋಡು ತಂಗಿ, ನಿನ್ನ ಬ್ರಿಜ್ಜಿನ ಮ್ಯಾಲ ಬೆಳಿ ಬಂದೈತಿ" ಎಂದಳು.

ಎಂದು ನಕ್ಕಳು. ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಉಳಿದುಕೊಂಡ ಸೇತುವೆಯ ಮೇಲೆ, ಅವಳ ಪಕ್ಕದಲ್ಲಿ ಕೂತು ನಾನು ಹಮಾಲರೆದುರೇ ಗಟ್ಟಿಯಾಗಿ ಅತ್ತೆ.